ಭಯಕ್ಕೂ ಬಣ್ಣವಿತ್ತು

ನಿನ್ನೆ ಸಂಜೆ ಪುಸ್ತಕ ಚರ್ಚೆಯೊಂದರಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯ ಲೇಖಕಿ ನಾಡಿನ್ ಗಾರ್ಡಿಮರ್ ಅವರ ‘ಒನ್ಸ್ ಅಪಾನ್ ಎ ಟೈಮ್’ ಕತೆಯ ಬಗ್ಗೆ ಮಾತನಾಡಿದ ವಿಮರ್ಶಕರೊಬ್ಬರು, ಭಯಕ್ಕೆ ಬಣ್ಣವಿಲ್ಲ, ವರ್ಣಭೇದದ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರೂ ಕಪ್ಪುಜನರೂ ಸಮಾನವಾಗಿ ಹೆದರಿ ಬದುಕಿದರು ಎಂದರು. ಸಭೆ ಚಪ್ಪಾಳೆ ತಟ್ಟಿತು. ಆ ನಾಡಿನ ಕತೆ, ಕಾದಂಬರಿಗಳನ್ನು ನಾನು ಎಷ್ಟು ಹಚ್ಚಿಕೊಂಡಿದ್ದೇನೆಂದು ಇಲ್ಲಿನ ಗೆಳೆಯರಿಗೆ ಗೊತ್ತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಕತೆ ಹೇಳಿದ್ದು ಸರಿಯಾಗಿಯೇ ಇತ್ತು. ಉಪನಗರದ ಸುಖೀ ಕುಟುಂಬವೊಂದು ಹೊರಗಿನವರಿಗೆ ಹೆದರಿ ಗೇಟು, ಕಿಟಕಿಗೆ ಸರಳು, ಅಲಾರಂ, ಎತ್ತರದ ಗೋಡೆ ಎಂದು ಒಂದೊಂದನ್ನೇ ಸೇರಿಸುತ್ತಾ ಹೋಗಿ, ಕೊನೆಗೆ ಗೋಡೆಯ ಮೇಲೆ ಹರಿತವಾದ ಹಲ್ಲುಗಳ ತಂತಿಸುರುಳಿ ಹಾಕಿಸುತ್ತದೆ. ರಾಜಕುಮಾರನ ಆಟವಾಡುತ್ತಾ ಅದರೊಳಗೆ ನುಸುಳಿದ ಮನೆಯ ಮಗುವೇ ಅದಕ್ಕೆ ಸಿಕ್ಕಿಬೀಳುತ್ತದೆ. ಆದರೆ ಮನೆಗೆಲಸದವಳ ಜೊತೆ ಓಡಿಬಂದು ಮಗುವನ್ನು ಮೊದಲು ಕಂಡು, ಅದರೊಡನೆ ತಾನೂ ಚೀರಿ, ಬಿಡಿಸಲು ಹೋಗಿ ಕೈಗಳನ್ನು ಹರಿದುಕೊಂಡವನು ತೋಟದ ಕೆಲಸದಾಳು. ಆ ಕೈಗಳ ಬಗ್ಗೆ ಒಂದು ಗಂಟೆಯ ಮಾತಿನಲ್ಲಿ ಒಂದು ವಾಕ್ಯವೂ ಬರಲಿಲ್ಲ. ನನಗಂತೂ ಆ ಸಾಲು ಬಂದಾಗಲೆಲ್ಲ ಗಂಟಲು ಕಟ್ಟುತ್ತದೆ.

ಕಳ್ಳತನ ನಡೆದದ್ದು ನಿಜವಲ್ಲವೇ, ಅವರ ಭಯ ಸುಳ್ಳೇ ಎಂದು ಪಕ್ಕದಲ್ಲಿದ್ದವರು ಕೇಳಿದರು. ನಿಜ, ಕತೆಯಲ್ಲೇ ಅದು ಇದೆ. ಆದರೆ ನೆರೆಮನೆಗೆ ಕಳ್ಳರು ನುಗ್ಗಿದಾಗ ಕೈಕಾಲು ಕಟ್ಟಿಸಿಕೊಂಡು ಕಪಾಟಿನೊಳಗೆ ಬಿದ್ದವಳು ಮನೆಗೆಲಸದವಳು. ಅದನ್ನು ಕೇಳಿ ಕಿಟಕಿಗಳಿಗೆ ಸರಳು ಹಾಕಿಸಿ ಎಂದು ಈ ಮನೆಯ ಯಜಮಾನರನ್ನು ಅಂಗಲಾಚಿದವಳೂ ಕೆಲಸದವಳೇ. ಅಪಾಯ ಅವಳದು, ಗೋಡೆ ಯಜಮಾನರದು. ಇದನ್ನು ಸಮಾನ ಭಯ ಎನ್ನಲು ನನಗೆ ಮನಸ್ಸೊಪ್ಪುವುದಿಲ್ಲ.

ಅದೇ ನಾಡಿನ ಬಿಳಿಯ ಲೇಖಕ ಆಲನ್ ಪೇಟನ್ ಅವರ ‘ಕ್ರೈ, ದ ಬಿಲವೆಡ್ ಕಂಟ್ರಿ’ ಕಾದಂಬರಿಯನ್ನೂ ನಿನ್ನೆ ಇದೇ ವಾದಕ್ಕೆ ಎಳೆದು ತಂದರು. ಕನ್ನ ಹಾಕಲು ಹೋದ ಕಪ್ಪು ಹುಡುಗ ಅಬ್ಸಲೋಮ್, ಬಿಳಿಯ ಮನೆಯೊಡೆಯ ಆರ್ಥರ್ ಜಾರ್ವಿಸ್ ಎದುರು ಬಂದಾಗ ಗಾಬರಿಯಲ್ಲಿ ಗುಂಡು ಹಾರಿಸುತ್ತಾನೆ. ಸತ್ತವನು ಕಪ್ಪುಜನರ ನ್ಯಾಯಕ್ಕಾಗಿ ದುಡಿದವನು, ಅವನ ಸಾವು ನನಗೂ ಸಂಕಟವೇ. ಆದರೆ ಹೆದರಿ ಹೊಡೆದೆ ಎಂಬ ಹುಡುಗನ ಮಾತು ಅವನನ್ನು ನೇಣಿನಿಂದ ಉಳಿಸುವುದಿಲ್ಲ. ಕಾದಂಬರಿ ಪ್ರಕಟವಾದದ್ದು 1948ರಲ್ಲಿ; ಅದೇ ವರ್ಷ ಬಿಳಿಯರ ನ್ಯಾಷನಲ್ ಪಾರ್ಟಿ ‘ಕರಿಯರ ಅಪಾಯ’ವನ್ನು ತೋರಿಸಿ ಚುನಾವಣೆ ಗೆದ್ದಿತು. 1950ರಲ್ಲಿ ಪ್ರತಿಯೊಬ್ಬರಿಗೂ ಜನಾಂಗದ ಮುದ್ರೆ ಒತ್ತುವ ಕಾಯ್ದೆ ಬಂತು, ಯಾವ ಜನಾಂಗ ಯಾವ ಬಡಾವಣೆಯಲ್ಲಿರಬೇಕೆಂದು ಗೆರೆ ಎಳೆಯುವ ಕಾಯ್ದೆಯೂ ಬಂತು. ಆಳುವವರ ಭಯಕ್ಕೆ ಸಂಸತ್ತು, ಪೊಲೀಸು, ನ್ಯಾಯಾಲಯ ಎಲ್ಲವೂ ಬೆಂಬಲಕ್ಕಿದ್ದವು. ಕಪ್ಪುಜನರು ಸದಾ ಜೊತೆಗಿಟ್ಟುಕೊಳ್ಳಲೇಬೇಕಿದ್ದ ಪರವಾನಗಿಯಾದ ಪಾಸ್ ಪುಸ್ತಕವನ್ನು ಮರೆತು ಮನೆಬಿಟ್ಟ ಕಾರ್ಮಿಕ ಬೀದಿಯಲ್ಲಿ ಪೊಲೀಸನನ್ನು ಕಂಡು ಹೆದರಿದರೆ ಅವನು ಯಾವ ಗೋಡೆ ಕಟ್ಟಿಸಬೇಕಿತ್ತು? 1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಆ ಪಾಸುಗಳನ್ನೇ ವಿರೋಧಿಸಿ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು.

ನನ್ನ ಸಿಟ್ಟಿಗೆ ಇನ್ನೂ ದೊಡ್ಡ ಕಾರಣ, ಗಾರ್ಡಿಮರ್ ಕತೆಯ ಆರಂಭವನ್ನು ಆ ವಿಮರ್ಶಕರು ಪೂರ್ತಿ ಬಿಟ್ಟುಬಿಟ್ಟದ್ದು. ನಡುರಾತ್ರಿ ಮನೆಯೊಳಗೆ ಸದ್ದಾಗಿ ಲೇಖಕಿ ಎಚ್ಚರಗೊಳ್ಳುತ್ತಾಳೆ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಕಳ್ಳ ಬಂದಿಲ್ಲ. ಮನೆಯ ಅಡಿಪಾಯದ ಕೆಳಗೆ ಬಹಳ ಆಳದಲ್ಲಿ ಚಿನ್ನದ ಗಣಿಗಾಗಿ ಟೊಳ್ಳು ಮಾಡಿದ ನೆಲ ಕುಸಿದಿದೆ. ಚೋಪಿ, ತ್ಸೋಂಗಾ ಎಂಬ ಕಪ್ಪು ಸಮುದಾಯಗಳ ವಲಸೆ ಕಾರ್ಮಿಕರು ಅಲ್ಲಿ ಹೂತುಹೋಗಿರಲೂಬಹುದು. ಮಲಗಿದವಳ ಭಯ, ಕೆಳಗಿದ್ದವರ ಸಾವು ಎರಡನ್ನೂ ಒಂದೇ ಸದ್ದಿನಲ್ಲಿ ಇಟ್ಟ ಆ ಎರಡು ಪುಟಗಳನ್ನು ಬಿಟ್ಟು ಈ ಕತೆಯನ್ನು ಓದುವುದು ಸಾಧ್ಯವೇ ಇಲ್ಲ. ಮುಂದಿನ ಸಭೆಯಲ್ಲಿ ಮೊದಲು ಅವನ್ನೇ ಗಟ್ಟಿಯಾಗಿ ಓದಬೇಕೆಂದು ಸಂಘಟಕರಿಗೆ ಬರೆದಿದ್ದೇನೆ.