ಉಳಿಸಿದ್ದೇ ಉಳಿಸಿದ್ದು!

ರಾತ್ರಿ ಒಂದೂವರೆ ಗಂಟೆ. ಲ್ಯಾಪ್‌ಟಾಪಿನಲ್ಲಿ ಇಪ್ಪತ್ತಮೂರು ಟ್ಯಾಬ್ ತೆರೆದು ಕೂತಿದ್ದೇನೆ. ಎಲ್ಲದರಲ್ಲೂ ಅದೇ ವಿಮಾನ, ಅದೇ ದಿನ. ಬೆಲೆ ಮಾತ್ರ ಇಪ್ಪತ್ತಮೂರು ಥರ. ಒಳಗಿನಿಂದ ಹೆಂಡತಿಯ ದನಿ ಬಂತು.

"ಟಿಕೆಟ್ ಆಯ್ತಾ?"

"ಇಲ್ಲ, ಮಂಗಳವಾರ ಬುಕ್ ಮಾಡಿದ್ರೆ ಅಗ್ಗವಂತೆ."

"ಮಂಗಳವಾರ ಮುಗಿದು ಒಂದೂವರೆ ಗಂಟೆ ಆಯ್ತು."

ವಿದೇಶ ಪ್ರವಾಸ ಎಂದರೆ ಹಿಂದೆ ದುಡ್ಡಿದ್ದವರ ಶೋಕಿ. ಈಗ ಅದು ದುಡ್ಡು ಉಳಿಸುವವರ ಶೋಕಿ. ಹೋಗಿ ಬಂದವರು ಊರು ಹೇಗಿತ್ತು ಎಂದು ಹೇಳುವುದಿಲ್ಲ. ಎಷ್ಟಕ್ಕೆ ಹೊಡೆದೆ ಎಂದು ಹೇಳುತ್ತಾರೆ. ಕೇಳುವವರಿಗೂ ಊರು ಬೇಕಿಲ್ಲ. "ಅಷ್ಟು ಕೊಟ್ರಾ? ನನ್ನನ್ನ ಕೇಳಬಾರದಿತ್ತಾ?" ಎನ್ನಲು ಬಾಯಿ ತೆರೆದುಕೊಂಡೇ ಕೂತಿರುತ್ತಾರೆ.

ಈ ಮಂಗಳವಾರದ ಮಹಿಮೆಯನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ಯಾವ ವಾರ ಹೊರಡುತ್ತೀರಿ ಅನ್ನುವುದರಿಂದ ದರ ಬದಲಾಗುತ್ತದೆ, ನಿಜ. ಯಾವ ವಾರ ಗುಂಡಿ ಒತ್ತುತ್ತೀರಿ ಅನ್ನುವುದಕ್ಕೆ ಅಂಥ ಶಕ್ತಿ ಏನೂ ಇಲ್ಲ. ಇದರ ತಮ್ಮನೇ ಇನ್‌ಕಾಗ್ನಿಟೊ, ಅಂದರೆ ಹುಡುಕಿದ್ದನ್ನು ಬ್ರೌಸರ್ ನೆನಪಿಟ್ಟುಕೊಳ್ಳದ ಕಪ್ಪು ಕಿಟಕಿಯ ನಂಬಿಕೆ. ನಾವು ಎರಡು ಸಲ ಹುಡುಕಿದ್ದನ್ನು ನೋಡಿ ಅವರು ಬೆಲೆ ಏರಿಸುತ್ತಾರಂತೆ. ಅದಕ್ಕೆ ಗಟ್ಟಿ ಸಾಕ್ಷಿ ಯಾರೂ ತೋರಿಸಿಲ್ಲ. ಆದರೂ ನಾನು ಕಳ್ಳನ ಹಾಗೆ ಕಪ್ಪು ಕಿಟಕಿ ತೆರೆಯುತ್ತೇನೆ. ಗುರುತು ಸಿಗಬಾರದಲ್ಲ! ಆಮೇಲೆ ಅದೇ ಕಿಟಕಿಯಲ್ಲಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಕಾರ್ಡ್ ನಂಬರ್ ಎಲ್ಲ ತುಂಬುತ್ತೇನೆ.

ಬೆಲೆ ಕುಣಿಯುವುದಕ್ಕೆ ಕಾರಣ ಬೇರೆಯೇ ಇದೆ. ಅಮೆರಿಕದಲ್ಲಿ 1978ರಲ್ಲಿ ಸರ್ಕಾರ ವಿಮಾನ ದರದ ಮೇಲಿನ ಹಿಡಿತ ಬಿಡಲು ಕಾನೂನು ಮಾಡಿತು. ಪೀಪಲ್ ಎಕ್ಸ್‌ಪ್ರೆಸ್ ಅನ್ನುವ ಹೊಸ ಕಂಪನಿ ಬಂದು ಎಲ್ಲರಿಗೂ ಅಗ್ಗವಾಗಿ ಟಿಕೆಟ್ ಮಾರತೊಡಗಿತು. ಅಮೆರಿಕನ್ ಏರ್‌ಲೈನ್ಸ್ 1985ರಲ್ಲಿ ಒಂದು ಉಪಾಯ ಹೂಡಿತು. ಒಂದೇ ವಿಮಾನದ ಕೆಲವು ಸೀಟುಗಳನ್ನು ತೀರಾ ಅಗ್ಗಕ್ಕೆ ಇಟ್ಟಿತು. ಉಳಿದದ್ದನ್ನು ತಡವಾಗಿ ಬರುವವರಿಗೆ, ಅಂದರೆ ಕೊಡಲೇಬೇಕಾದವರಿಗೆ, ದುಬಾರಿಯಾಗಿ ಕಾದಿಟ್ಟಿತು. 1987ರ ಹೊತ್ತಿಗೆ ಪೀಪಲ್ ಎಕ್ಸ್‌ಪ್ರೆಸ್ ಇರಲೇ ಇಲ್ಲ. ಉಪಾಯ ಮಾತ್ರ ಗಟ್ಟಿಯಾಗಿ ಉಳಿಯಿತು. ಇವತ್ತು ನೀವು ಕೂರುವ ಸಾಲಿನಲ್ಲಿ ಮೂವರು ಮೂರು ಬೆಲೆ ಕೊಟ್ಟಿರುತ್ತಾರೆ. ಊಟದ ತಟ್ಟೆ ಬಂದಾಗ ಮೂವರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುತ್ತಾರೆ.

ಇದರಲ್ಲಿ ಒಂದು ಕೆಲಸಕ್ಕೆ ಬರುವ ಸಂಗತಿ ಇದೆ, ಕೇಳಿ. ಸೀಟುಗಳನ್ನು ಅಕ್ಷರದ ಹೆಸರಿನ ಗುಂಪುಗಳಲ್ಲಿ ಇಟ್ಟಿರುತ್ತಾರೆ. ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿವೆ, ನೀವು ನಾಲ್ವರಿಗೆ ಹುಡುಕುತ್ತೀರಿ ಅಂತಿಟ್ಟುಕೊಳ್ಳಿ. ಎಷ್ಟೋ ಕಡೆ ನಾಲ್ವರಿಗೂ ಮೇಲಿನ ಗುಂಪಿನ ದರವೇ ಬರುತ್ತದೆ. ಮೊದಲು ಒಬ್ಬರಿಗೆ ಹುಡುಕಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಮಂಗಳವಾರದ ಕಥೆಯನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

ದರ ಹುಡುಕುವ ಯಂತ್ರವನ್ನು ಚೆನ್ನಾಗಿ ಕಟ್ಟಿದವರು ಐಟಿಎ ಸಾಫ್ಟ್‌ವೇರ್ ಕಂಪನಿಯವರು. ಗೂಗಲ್ 2011ರಲ್ಲಿ 70 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡಿತು. ಆ ಕಂಪನಿಯ ವಿಜ್ಞಾನಿಗಳೇ ಒಂದು ಮಾತು ಹೇಳಿದ್ದರು. ದರ, ನಿಯಮ, ಕನೆಕ್ಷನ್ ಎಲ್ಲ ಸೇರಿಸಿದರೆ, ಎಲ್ಲಕ್ಕಿಂತ ಅಗ್ಗದ ಟಿಕೆಟ್ ಯಾವುದು ಅನ್ನುವ ಪ್ರಶ್ನೆ ಅದರ ಪೂರ್ತಿ ರೂಪದಲ್ಲಿ ಕಂಪ್ಯೂಟರ್‌ಗೂ ಬಿಡಿಸಲಾಗದ ಲೆಕ್ಕವಂತೆ. ಪಾಪ, ಅವರಿಗೆ ನನ್ನ ಭಾವಮೈದುನನ ಪರಿಚಯ ಇರಲಿಲ್ಲ. ಅವನು ಅದನ್ನು ಫೋನಿನಲ್ಲಿ, ಸಿಗ್ನಲ್ ಬಿಡುವುದರೊಳಗೆ ಬಿಡಿಸುತ್ತಾನೆ.

ಸರಿ, ಕೊನೆಗೊಂದು ಬೆಲೆ ಸಿಕ್ಕಿತು. ಲೆಕ್ಕ ಸುಲಭವಾಗಲಿ ಎಂದು ಅದನ್ನು ನೂರು ಅನ್ನೋಣ. ಯಾವ ದೇಶದ ಹಣ ಎಂದು ಕೇಳಬೇಡಿ, ಈ ಆಟ ಎಲ್ಲ ಹಣದಲ್ಲೂ ನಡೆಯುತ್ತದೆ. ಗುಂಡಿ ಒತ್ತಿದೆ. ಸೂಟ್‌ಕೇಸ್ ಇದೆಯಾ ಎಂದು ಕೇಳಿತು. ಹದಿನೈದು ದಿನ ಹೋಗುವವನು ಬರಿಗೈಲಿ ಹೋಗುತ್ತಾನೆಯೇ? ನೂರೈವತ್ತಾಯಿತು. ಹೆಂಡತಿಯ ಪಕ್ಕ ಕೂರಬೇಕಾ ಎಂದು ಕೇಳಿತು. ಇಷ್ಟು ವರ್ಷ ಯಾರೂ ಇದಕ್ಕೆ ಬೆಲೆ ಕಟ್ಟಿರಲಿಲ್ಲ. ಒಂದು ಕ್ಷಣ ಯೋಚಿಸಿದೆ. ಕ್ಷಣ ಜಾಸ್ತಿಯಾಯಿತು ಅಂತ ಕಾಣುತ್ತದೆ, ಹಿಂದೆ ಬಂದು ನಿಂತಿದ್ದ ಹೆಂಡತಿ ಕೆಮ್ಮಿದಳು. ನೂರೆಪ್ಪತ್ತು. ವಿಮೆ ಬೇಡವೆಂದರೆ ಒತ್ತಬೇಕಾದ ಸಾಲು ಬೂದು ಬಣ್ಣದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇತ್ತು: "ಬೇಡ, ನನ್ನ ಕುಟುಂಬವನ್ನು ಅಪಾಯಕ್ಕೆ ಒಡ್ಡಲು ನಾನು ಸಿದ್ಧ." ಟಿಕೆಟ್ ಕೊಳ್ಳಲು ಬಂದವನ ಕೈಲಿ ಇಂಥ ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಾರೆ! ಕೊನೆಯ ಪುಟದಲ್ಲಿ, ಹಣ ಕಟ್ಟಲು ಬಂದಿದ್ದಕ್ಕೂ ಒಂದು ಶುಲ್ಕ. ಒಟ್ಟು ಇನ್ನೂರು ಚಿಲ್ಲರೆ. ಮೂಗಿಗಿಂತ ಮೂಗುತಿ ಭಾರ.

ಕಾನೂನು ಇಲ್ಲ ಎಂದಲ್ಲ. ಯುರೋಪಿನಲ್ಲಿ ವಿಮಾನ ಟಿಕೆಟ್ ಮಾರುವವರು ತೆರಿಗೆ, ಶುಲ್ಕ ಎಲ್ಲ ಸೇರಿದ ಬೆಲೆಯನ್ನೇ ತೋರಿಸಬೇಕು, ಬೇಕೋ ಬೇಡವೋ ಅನ್ನುವಂಥವಕ್ಕೆ ತಾವೇ ಟಿಕ್ ಹಾಕಿಡಬಾರದು ಎಂಬ ನಿಯಮ 2008ರಲ್ಲೇ ಬಂತು. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವವರು. ಟಿಕ್ ಹೋಯಿತು, ತಪ್ಪೊಪ್ಪಿಗೆ ಬಂತು. ಬ್ಯಾಗ್ ಟಿಕೆಟ್ಟಿನಿಂದ ಬೇರೆಯಾಯಿತು. ಅಮೆರಿಕನ್ ಏರ್‌ಲೈನ್ಸ್ ಮೊದಲ ಸೂಟ್‌ಕೇಸಿಗೇ 15 ಡಾಲರ್ ಹಾಕಿದ್ದು 2008ರಲ್ಲಿ. ಆಗ ಜನ ಬೈದರು. ಈಗ ಯಾರಾದರೂ ಬ್ಯಾಗ್ ಉಚಿತ ಎಂದರೆ, ಇದರಲ್ಲೇನೋ ಮೋಸ ಇದೆ ಎಂದು ಅನುಮಾನಪಡುತ್ತೇವೆ. 2009ರಲ್ಲಿ ಅಗ್ಗದ ವಿಮಾನ ಕಂಪನಿ ರಯಾನ್‌ಏರ್‌ನ ಮುಖ್ಯಸ್ಥ ಮೈಕಲ್ ಓಲಿಯರಿ, ವಿಮಾನದ ಶೌಚಾಲಯಕ್ಕೆ ನಾಣ್ಯ ಹಾಕುವ ಕಿಂಡಿ ಇಡುವ ಯೋಚನೆ ಇದೆ ಎಂದು ಟಿವಿಯಲ್ಲೇ ಹೇಳಿದರು. ಕಿಂಡಿ ಬರಲಿಲ್ಲ. ಆದರೆ ಪುಕ್ಕಟೆ ಪ್ರಚಾರ ಮಾತ್ರ ಚೆನ್ನಾಗಿ ಬಂತು.

ಹೋಟೆಲ್ ಹುಡುಕುವುದು ಇನ್ನೊಂದು ಜಾತ್ರೆ. "ಒಂದೇ ಕೋಣೆ ಉಳಿದಿದೆ!" "ಈಗ ಹದಿನಾಲ್ಕು ಜನ ಇದನ್ನೇ ನೋಡುತ್ತಿದ್ದಾರೆ!" ನಾನು ಬೆವರುತ್ತ ಕಾರ್ಡ್ ಹುಡುಕುತ್ತೇನೆ. ಆಮೇಲೆ ಹೊಳೆಯುತ್ತದೆ, ಆ ಹದಿನಾಲ್ಕರಲ್ಲಿ ಎಷ್ಟು ಜನ ನಾನೇ? ಫೋನಿನಲ್ಲೊಂದು, ಟ್ಯಾಬ್‌ಗಳಲ್ಲಿ ಆರು, ಕಪ್ಪು ಕಿಟಕಿಯಲ್ಲಿ ಮತ್ತೊಂದು. ನನ್ನ ಮೇಲೆ ನಾನೇ ಪೈಪೋಟಿಗೆ ಬಿದ್ದಿದ್ದೇನೆ. 2019ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ, ಅಂದರೆ ವ್ಯಾಪಾರದ ಪೈಪೋಟಿ ನೆಟ್ಟಗಿದೆಯೇ ಎಂದು ನೋಡುವ ಸರ್ಕಾರಿ ಸಂಸ್ಥೆ, ಈ ಆತುರದ ನಾಟಕವನ್ನು ಹಿಡಿದು ಕೇಳಿತು. ಆರು ದೊಡ್ಡ ತಾಣಗಳು ಇನ್ನು ಹೀಗೆ ಒತ್ತಡ ಹಾಕುವುದಿಲ್ಲ, ಕಟ್ಟಲೇಬೇಕಾದ ಶುಲ್ಕ ಮುಚ್ಚಿಡುವುದಿಲ್ಲ ಎಂದು ಮಾತು ಕೊಟ್ಟವು. ನನಗೆ ಕಾಣುವ ಹದಿನಾಲ್ಕು ಜನರಿಗೆ ಇದು ಇನ್ನೂ ಗೊತ್ತಾಗಿಲ್ಲ.

ಟಿಕೆಟ್ ಅಗ್ಗವಿದ್ದರೆ ವಿಮಾನ ಎಲ್ಲಿ ಇಳಿಯುತ್ತದೆ ಎಂದೂ ನೋಡಬೇಕು. ಪ್ಯಾರಿಸ್ ಎಂದು ಬರೆದಿರುತ್ತದೆ, ಇಳಿಯುವುದು ಬೋವೆಯಲ್ಲಿ. ಪ್ಯಾರಿಸ್ ಅಲ್ಲಿಂದ ಸುಮಾರು 85 ಕಿಲೋಮೀಟರ್. ಫ್ರಾಂಕ್‌ಫರ್ಟ್ ಹೆಸರು ಹೊತ್ತ ಹಾನ್ ನಿಲ್ದಾಣ ಊರಿನಿಂದ 120 ಕಿಲೋಮೀಟರ್ ದೂರ. ಓಸ್ಲೊ ಹೆಸರಿನಲ್ಲಿ ಮಾರುತ್ತಿದ್ದ ಟೋರ್ಪ್ ಕೂಡ ನೂರಕ್ಕೂ ಜಾಸ್ತಿ. ಇಳಿದ ಮೇಲೆ ಬಸ್ಸಿಗೆ ಕೊಡುವುದು, ಬಸ್ಸು ತಪ್ಪಿದರೆ ಟ್ಯಾಕ್ಸಿಗೆ ಕೊಡುವುದು ಉಳಿತಾಯದ ಲೆಕ್ಕಕ್ಕೆ ಬರುವುದಿಲ್ಲ. ಅದು ಅನುಭವದ ಲೆಕ್ಕಕ್ಕೆ ಹೋಗುತ್ತದೆ.

ನನ್ನ ಪ್ರವಾಸದ ಅತಿ ದೊಡ್ಡ ಅನುಭವ ಮಾತ್ರ ಗೇಟ್ ಹತ್ತಿರ ಆಯಿತು. ಕೈಚೀಲದ ಅಳತೆ ನೋಡಲು ಅಲ್ಲೊಂದು ಕಬ್ಬಿಣದ ಪಂಜರ ಇಟ್ಟಿರುತ್ತಾರೆ. ಮನೆಯಲ್ಲಿ ಟೇಪ್ ಹಿಡಿದು ಮೂರು ಸಲ ಅಳೆದಿದ್ದೆ. ಚಕ್ರಗಳನ್ನು ಅಳೆದಿರಲಿಲ್ಲ. ಎರಡು ಬೆರಳು ಜಾಸ್ತಿ. ಅಲ್ಲೇ ನೆಲದ ಮೇಲೆ ಬ್ಯಾಗ್ ಬಿಚ್ಚಿದೆ. ಒಂದರ ಮೇಲೊಂದು ಎರಡು ಸ್ವೆಟರ್ ತೊಟ್ಟೆ, ಮೇಲೆ ಕೋಟು. ಚಾರ್ಜರ್ ಒಂದು ಜೇಬಿಗೆ, ಚಪ್ಪಲಿ ಇನ್ನೊಂದಕ್ಕೆ. ಸೆಖೆ ಕಾಲ. ನನ್ನ ಹಿಂದೆ ಇನ್ನೂ ಇಬ್ಬರು ಹೀಗೇ ಊದಿಕೊಂಡು ನಿಂತಿದ್ದರು. ಮೂವರೂ ಪರಸ್ಪರ ಗೌರವದಿಂದ ತಲೆಯಾಡಿಸಿದೆವು. ಬ್ಯಾಗ್ ಪಂಜರದೊಳಗೆ ಹೋಯಿತು. ವಿಮಾನದ ತೂಕ ಒಂದು ಗ್ರಾಮೂ ಕಡಿಮೆಯಾಗಲಿಲ್ಲ.

ಅಲ್ಲಿ ಹೋಗಿ ಎಟಿಎಂ ಮುಂದೆ ನಿಂತರೆ ಯಂತ್ರ ಪ್ರೀತಿಯಿಂದ ಕೇಳುತ್ತದೆ: "ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ?" ಪರದೇಶದಲ್ಲಿ ಯಾರೋ ನಮ್ಮವರು ಸಿಕ್ಕಂತಾಗುತ್ತದೆ. ಹೂಂ ಅಂದಿರೋ, ಅವರು ಹೇಳಿದ್ದೇ ವಿನಿಮಯ ದರ. ಬ್ಯಾಂಕಿನ ದರಕ್ಕಿಂತ ಇದು ಸಾಮಾನ್ಯವಾಗಿ ದುಬಾರಿಯೇ. ಎಷ್ಟು ಜಾಸ್ತಿ ಹಾಕುತ್ತೀರಿ ಎಂದು ಶೇಕಡಾವಾರು ತೋರಿಸಿ ಎಂದು ಯುರೋಪಿನವರು 2020ರ ಏಪ್ರಿಲ್‌ನಿಂದ ನಿಯಮ ಮಾಡಿದ್ದಾರೆ. ಅಲ್ಲಿನ ಹಣದಲ್ಲೇ ತೆಗೆಯಿರಿ, ಅಷ್ಟೇ. ನಾನು ಮೊದಲ ದಿನ ಹೂಂ ಅಂದೆ. ಇಪ್ಪತ್ತಮೂರು ಟ್ಯಾಬ್ ಗೆದ್ದು ತಂದದ್ದನ್ನು ಒಂದು ಹಸಿರು ಗುಂಡಿ ತಿಂದು ಹಾಕಿತು.

ವೀಸಾ ತಾಣದ ಕಥೆ ಉದ್ದ ಮಾಡುವುದಿಲ್ಲ. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಸರ್ಕಾರದ್ದಲ್ಲ, ಜಾಹೀರಾತು. ಧ್ವಜ ಇತ್ತು, ಲಾಂಛನದ ಹಾಗೆ ಏನೋ ಇತ್ತು, "ಸೇವಾ ಶುಲ್ಕ"ವೂ ಇತ್ತು. ಕಟ್ಟಿದ ಮೇಲೆ ವಿಳಾಸ ಓದಿದೆ.

ವಾಪಸ್ ಬಂದು ಕೂತು ಲೆಕ್ಕ ಹಾಕಿದೆ. ಎಕ್ಸೆಲ್ ಹಾಳೆಯಲ್ಲಿ "ಉಳಿಸಿದ್ದು" ಎಂಬ ಕಾಲಂ ಮೊದಲೇ ಮಾಡಿಟ್ಟಿದ್ದೆ, ಹಸಿರು ಬಣ್ಣ ಕೊಟ್ಟು. ಅದರ ಪಕ್ಕ ಹೆಂಡತಿ ಇನ್ನೊಂದು ಕಾಲಂ ಸೇರಿಸಿದ್ದಳು: "ನಿದ್ದೆಗೆಟ್ಟ ರಾತ್ರಿ." ನನ್ನದಕ್ಕಿಂತ ಅದು ಉದ್ದವಿತ್ತು. ಹಾಳೆ ಮುಚ್ಚಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಹುಡುಗ ಬಂದ. ಮೊದಲ ಸಲ ಹೊರದೇಶಕ್ಕೆ ಹೊರಟಿದ್ದಾನಂತೆ. "ಅಂಕಲ್, ನೀವು ತುಂಬಾ ಕಡಿಮೆಗೆ ಹೋಗಿ ಬಂದ್ರಂತೆ. ಏನು ಗುಟ್ಟು?" ಎಂದು ಕೇಳಿದ. ಸೀಟಿನ ಗುಂಪಿನ ಕಥೆ ಹೇಳೋಣ ಅನ್ನಿಸಿತು. ಪಂಜರ, ಹಸಿರು ಗುಂಡಿ, ಬೋವೆಯ ಬಸ್ಸು, ಎಲ್ಲವೂ ನಾಲಿಗೆ ತುದಿಯವರೆಗೆ ಬಂತು. ಹುಡುಗ ಕೈಯಲ್ಲಿ ಪೆನ್ನು ಹಿಡಿದು ಎಷ್ಟು ಭಕ್ತಿಯಿಂದ ನೋಡುತ್ತಿದ್ದನೆಂದರೆ...

ಕನ್ನಡಕ ಸರಿಮಾಡಿಕೊಂಡು, ದನಿ ತಗ್ಗಿಸಿ ಹೇಳಿದೆ: "ಮಂಗಳವಾರ ನೋಡು. ರಾತ್ರಿ. ಇನ್‌ಕಾಗ್ನಿಟೊದಲ್ಲಿ."