ಶಾಂಪ್ಲೇನ್ ಸಾಹೇಬರ ಕೈಗೆ ತಟ್ಟೆ ಕೊಟ್ಟವರಾರು?

ಕೆನಡಾದ ರಾಜಧಾನಿ ಒಟ್ಟಾವಾದ ನೇಪಿಯನ್ ಪಾಯಿಂಟ್‌ನಲ್ಲಿ 1915ರಲ್ಲಿ ನಿಲ್ಲಿಸಿದ, ಫ್ರೆಂಚ್ ಪರಿಶೋಧಕ ಸಾಮ್ಯುಯೆಲ್ ದ ಶಾಂಪ್ಲೇನ್ ಪ್ರತಿಮೆಯ ಕಥೆ ಕೇಳಿ. ಎತ್ತಿದ ಕೈಯಲ್ಲಿ ಆಸ್ಟ್ರೋಲೇಬ್, ಅಂದರೆ ಸೂರ್ಯನ ಎತ್ತರ ಅಳೆದು ಅಕ್ಷಾಂಶ ತಿಳಿಯುವ ಉಪಕರಣ, ಅದೂ ತಲೆಕೆಳಗಾಗಿ. ಉತ್ತರ ಅಮೆರಿಕದ ಫ್ರೆಂಚ್ ವಸಾಹತು ನ್ಯೂ ಫ್ರಾನ್ಸ್‌ನ ಕರಾವಳಿ, ನದಿಗಳನ್ನೆಲ್ಲ ಅಳೆದು ನಕ್ಷೆ ಬರೆದ ಮಹಾನುಭಾವನಿಗೆ ತನ್ನ ಉಪಕರಣ ಹಿಡಿಯಲೂ ಬರದು ಎಂದು ಕಂಚಿನಲ್ಲಿ ಎರಕ ಹೊಯ್ದು ಗೌರವಿಸಿದ್ದಾರೆ. ಶಿಲ್ಪಿ ಹ್ಯಾಮಿಲ್ಟನ್ ಮೆಕಾರ್ಥಿಗೆ ಶಹಬ್ಬಾಸ್.

ಆ ಉಪಕರಣ ನಡೆಯುವುದೇ ನೇತಾಡುವುದರಿಂದ. ದಪ್ಪ ಹಿತ್ತಾಳೆ ಬಿಲ್ಲೆ, ಮೇಲೆ ಉಂಗುರ, ಬುಡ ಭಾರ. ಗಾಳಿ ತೂರಿಹೋಗಲೆಂದು ಒಳಗೆ ಕೊರೆದು ತೆಗೆದಿರುತ್ತಾರೆ. ಉಂಗುರ ಹಿಡಿದು ತೂಗಬಿಟ್ಟರೆ ತಾನಾಗಿ ನೆಟ್ಟಗೆ ನಿಲ್ಲುತ್ತದೆ. ನಡುಹಗಲು ಸೂರ್ಯ ಅತಿ ಎತ್ತರಕ್ಕೆ ಬಂದಾಗ ನಡುವಿನ ಪಟ್ಟಿ ತಿರುಗಿಸಬೇಕು. ಅದರ ಮೇಲಿನ ತೂತಿನ ಬೆಳಕು ಕೆಳಗಿನ ತೂತಿನ ಮೇಲೆ ಬಿದ್ದಾಗ ಅಂಚಿನ ಡಿಗ್ರಿ ಓದಬೇಕು. 68 ಬಂತೆನ್ನಿ. 90ರಿಂದ ಕಳೆದರೆ 22. ಜೂನ್ 21ರ ಆಸುಪಾಸು ಸೂರ್ಯ ಸಮಭಾಜಕದಿಂದ 23.5 ಡಿಗ್ರಿ ಉತ್ತರಕ್ಕಿರುತ್ತಾನೆ, ಅದನ್ನು ಕೂಡಿಸಿದರೆ 45.5. ಹೆಚ್ಚುಕಮ್ಮಿ ಒಟ್ಟಾವಾದ ಅಕ್ಷಾಂಶ! ಒಂದು ಡಿಗ್ರಿ ತಪ್ಪಿದರೆ 111 ಕಿಲೋಮೀಟರ್ ಆಚೀಚೆ. ಹಡಗು ಓಲಾಡಿದರೆ ಲೆಕ್ಕ ಕೆಟ್ಟಿತು, ಆದ್ದರಿಂದ ದಡಕ್ಕಿಳಿದು ಅಳೆಯುವುದೇ ವಾಸಿ. ಇನ್ನು ಉಂಗುರ ಕೆಳಗೆ ಮಾಡಿ ಹಿಡಿದರೆ ಅದು ಊಟದ ತಟ್ಟೆ.

ಅಂಥದ್ದೊಂದು ಆಸ್ಟ್ರೋಲೇಬ್, 1603 ಎಂದು ಕೊರೆದದ್ದು, 1867ರಲ್ಲಿ ಕೆನಡಾದ ಕಾಬ್ಡನ್ ಊರಿನ ಬಳಿ 14 ವರ್ಷದ ಹುಡುಗನಿಗೆ ಸಿಕ್ಕಿತು. ಹತ್ತು ಡಾಲರ್ ಕೊಡುತ್ತೇವೆಂದು ಇಸಿದುಕೊಂಡರು, ಕೊಡಲಿಲ್ಲ. ನ್ಯೂಯಾರ್ಕ್ ಸೇರಿದ್ದನ್ನು ಕೆನಡಾ 1989ರಲ್ಲಿ ಹಣ ತೆತ್ತು ವಾಪಸ್ ತಂದಿತು. ಶಾಂಪ್ಲೇನ್ 1613ರಲ್ಲಿ ಆ ದಾರಿಯಲ್ಲಿ ಹೋಗಿದ್ದ, ಹಾಗಾಗಿ ಅವನದೇ ಅಂತೆ. ಕಳೆದುಹೋಯಿತೆಂದು ಅವನ ದಿನಚರಿಯಲ್ಲಿ ಒಂದು ಸಾಲೂ ಇಲ್ಲ. ಇರಲಿ, ಸಾಕ್ಷಿ ಕೇಳುವುದು ಅಶುಭ.

ಮುಖವಾದರೂ ಅವನದೇ ಅಂದುಕೊಂಡಿರಾ? ಪಠ್ಯಪುಸ್ತಕಗಳಲ್ಲಿ ಮೆರೆದದ್ದು ಫ್ರಾನ್ಸಿನ ಹಣಕಾಸು ಅಧಿಕಾರಿ ಪಾರ್ತಿಚೆಲ್ಲಿ ದೆಮರಿಯ ಚಿತ್ರದಿಂದ 19ನೇ ಶತಮಾನದಲ್ಲಿ ಎತ್ತಿದ ಮುಖ. ತೆರಿಗೆ ಹೇರಿ ಜನರ ಶಾಪ ತಿಂದ ಆಸಾಮಿ ಪರಿಶೋಧಕನಾಗಿ ಬಡ್ತಿ ಪಡೆದ. ಶಾಂಪ್ಲೇನನ ಸಮಾಧಿ ಎಲ್ಲಿದೆ ಎಂಬುದೂ ಗೊತ್ತಿಲ್ಲ. 1635ರಲ್ಲಿ ಕ್ವೆಬೆಕ್‌ನಲ್ಲಿ ಸತ್ತ, ಅಷ್ಟೇ.

ನಗು ಇಲ್ಲಿಗೆ ಸಾಕು. ಆ ಪ್ರತಿಮೆಯ ಬುಡದಲ್ಲಿ 1918ರಲ್ಲಿ ಅನಿಶಿನಾಬೆ ಎಂಬ ಮೂಲನಿವಾಸಿ ಜನಾಂಗದ ಒಬ್ಬ ಮಾರ್ಗದರ್ಶಿಯ ಕಂಚಿನ ಪ್ರತಿಮೆಯನ್ನು ಮಂಡಿಯೂರಿ ಕೂರಿಸಿದರು. ದೋಣಿಯಲ್ಲಿ ಕೂರಬೇಕಿದ್ದವ. ದೋಣಿಗೆ ದುಡ್ಡು ಸಾಲಲಿಲ್ಲ, ಹಾಗಾಗಿ ಬರೀ ನೆಲದ ಮೇಲೆ, ಫ್ರೆಂಚನ ಕಾಲಡಿ. ಒಟ್ಟಾವಾ ನದಿಯಲ್ಲಿ ಎಲ್ಲಿ ಇಳಿದು ದೋಣಿ ಹೊರಬೇಕು, ಯಾವ ಕೆರೆ ಬಳಸಿ ಹೋಗಬೇಕು ಎಂದು ತೋರಿಸಿದವರು ಇವರ ಜನ. ಅವರಿಲ್ಲದೆ ಶಾಂಪ್ಲೇನ್ ನದಿ ರಭಸದಿಂದ ಧುಮುಕುವ ಮೊದಲ ಜಾಗವನ್ನೇ ದಾಟುತ್ತಿರಲಿಲ್ಲ. ಮೂಲನಿವಾಸಿಗಳು ಗಲಾಟೆ ಮಾಡಿದ ಮೇಲೆ 1999ರಲ್ಲಿ ಆ ಮಾರ್ಗದರ್ಶಿಯನ್ನು ಎತ್ತಿ ಮೇಜರ್ಸ್ ಹಿಲ್ ಪಾರ್ಕಿನಲ್ಲಿಟ್ಟರು. ಅಲ್ಲೂ ದೋಣಿ ಕೊಡಲಿಲ್ಲ. ಅಷ್ಟೊಂದು ಕಂಚಿಗೆ ಬರವಿದ್ದರೆ ಮೇಲಿನವನನ್ನು ಒಂದಡಿ ಗಿಡ್ಡ ಮಾಡಬಹುದಿತ್ತಲ್ಲ ಸ್ವಾಮಿ!