ನೀರಲ್ಲಿ ಎಷ್ಟು ಹೊತ್ತು ಅಂತ ಕೇಳಿದರೆ ವಿಡಿಯೋ ಫ್ರೀ ಅಂತಾರೆ

ಒಂದೇ ಪ್ರಶ್ನೆ. ನಮ್ಮನ್ನು ನೀರಿನಲ್ಲಿ ಎಷ್ಟು ನಿಮಿಷ ಬಿಡುತ್ತೀರಿ? ಇದಕ್ಕೆ ನೇರವಾಗಿ ಉತ್ತರ ಕೊಡುವ ಒಬ್ಬ ಮನುಷ್ಯ ಈ ಕರಾವಳಿಯಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಉಡುಪಿಯಿಂದ ಬೆಳಗಿನ ಜಾವ ಹೊರಟು, ಹವಳ ನೋಡಿ, ರಾತ್ರಿ ಊಟಕ್ಕೆ ಮನೆ ಸೇರುವಂಥ ಒಂದು ಸ್ನಾರ್ಕೆಲಿಂಗ್ ಟ್ರಿಪ್ (ಮಾಸ್ಕ್, ಉಸಿರಾಡುವ ಕೊಳವೆ ಹಾಕಿ ತೇಲುತ್ತಾ ನೀರಿನ ಒಳಗೆ ನೋಡುವುದು) ಬುಕ್ ಮಾಡಬೇಕು. ಇಷ್ಟೇ ವಿಷಯ. ಇದಕ್ಕೆ ಇಷ್ಟು ಒದ್ದಾಡಬೇಕಾ?

ಯಾರಿಗೆ ಫೋನ್ ಮಾಡಿದರೂ ಮಾತು ಹೀಗೇ ಹೋಗುತ್ತದೆ. "ಅಣ್ಣ, ನೀರಲ್ಲಿ ಎಷ್ಟು ಹೊತ್ತು?" "ಅಕ್ಕ, ಫುಲ್ ಡೇ ಪ್ಯಾಕೇಜ್." "ಅದಲ್ಲ ಅಣ್ಣ, ನೀರಿನ ಒಳಗೆ?" "ಎಂತ ಟೆನ್ಷನ್ ಬೇಡ ಅಕ್ಕ, ಅಂಡರ್‌ವಾಟರ್ ವಿಡಿಯೋ ಫ್ರೀ ಉಂಟು." ವಿಡಿಯೋ ನಾನು ಕೇಳಿದೆನಾ? ಕೊನೆಗೆ ಒಬ್ಬರು ಬೇಸರದಲ್ಲಿ ನಿಜ ಹೇಳಿದರು. ಬೋಟಿನಲ್ಲಿ ಇರುವವರನ್ನೆಲ್ಲ ತಂಡ ತಂಡವಾಗಿ ಇಳಿಸುತ್ತಾರಂತೆ, ಒಂದು ತಂಡಕ್ಕೆ ಹತ್ತೋ ಹದಿನೈದೋ ನಿಮಿಷವಂತೆ, ಜನ ಜಾಸ್ತಿ ಇದ್ದರೆ ಅದೂ ಕಡಿಮೆಯಂತೆ. ಅಂದರೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಹೈವೇಯಲ್ಲಿ ನೂರು ಕಿಲೋಮೀಟರ್ ಹೋಗಿ, ಬೋಟಿನಲ್ಲಿ ಒಂದೂವರೆ ಗಂಟೆ ಕುಲುಕಾಡಿ, ಹತ್ತು ನಿಮಿಷ. ಅದರಲ್ಲಿ ಮಾಸ್ಕ್ ಸರಿ ಮಾಡಿಕೊಳ್ಳುವುದಕ್ಕೇ ಅರ್ಧ ಹೋಗುತ್ತದೆ. ಇದನ್ನು ಫುಲ್ ಡೇ ಅಂತ ಮಾರುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ನಮ್ಮ ಕಡೆಯಿಂದ ಒಂದು ದಿನದಲ್ಲಿ ಹೋಗಿ ಬರುವಂತೆ ಹವಳ ನೋಡಬೇಕೆಂದರೆ ಇರುವುದು ನೇತ್ರಾಣಿ ದ್ವೀಪ. ಮುರುಡೇಶ್ವರದಿಂದ ಕಡಲಿನ ಒಳಗೆ ಸುಮಾರು 19 ಕಿಲೋಮೀಟರ್. ಉಡುಪಿಯಿಂದ ಮುರುಡೇಶ್ವರಕ್ಕೆ ಕುಂದಾಪುರ, ಬೈಂದೂರು, ಭಟ್ಕಳ ದಾಟಿ ಸುಮಾರು 100 ಕಿಲೋಮೀಟರ್, ಮಂಗಳೂರಿನವರಿಗೆ ಇನ್ನೂ ಐವತ್ತು ಅರವತ್ತು ಜಾಸ್ತಿ. ಮಲ್ಪೆಯಿಂದ ಹೋಗುವ ಸೇಂಟ್ ಮೇರೀಸ್ ದ್ವೀಪ ಬೇರೆ. ಅದು ಕಂಬದಂತೆ ನಿಂತ ಲಾವಾ ಕಲ್ಲುಗಳಿಗೆ ಹೆಸರಾದ ಜಾಗ, ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ, ಮಕ್ಕಳಿಗೆ ತೋರಿಸಲೇಬೇಕಾದದ್ದು. ಆದರೆ ಅಲ್ಲಿಗೆ ಯಾರೂ ಹವಳ ನೋಡಲು ಹೋಗುವುದಿಲ್ಲ. ಹಾಗಿದ್ದರೂ ನನಗೆ ಬಂದ ಒಂದು ಪೋಸ್ಟರಿನಲ್ಲಿ 'ಮಲ್ಪೆ ಐಲ್ಯಾಂಡ್ ಕೋರಲ್ ಸ್ನಾರ್ಕೆಲಿಂಗ್' ಅಂತ ದೊಡ್ಡದಾಗಿ ಬರೆದಿದ್ದರು. ಕೆಳಗೆ ನೀಲಿ ನೀರು, ಬಿಳಿ ಮರಳು, ನೀರಿನ ಮೇಲೆ ಮರದ ಕಾಟೇಜು. ಮಲ್ಪೆಯಲ್ಲಿ ಹುಟ್ಟಿ ಬೆಳೆದವರ ಮೊಬೈಲಿಗೆ ಮಾಲ್ಡೀವ್ಸ್ ಫೋಟೋ ಕಳಿಸಿ ಇದು ಮಲ್ಪೆ ಅನ್ನುತ್ತಾರಲ್ಲ, ಎಷ್ಟು ಧೈರ್ಯ ಮಾರಾಯ್ರೇ.

ನೇತ್ರಾಣಿ ಪೋಸ್ಟರುಗಳೂ ಅಷ್ಟೇ. ಅದು ಕಲ್ಲಿನ ದ್ವೀಪ. ಸುತ್ತ ಕಡಿದಾದ ಬಂಡೆ, ಚಾಪೆ ಹಾಸಿ ಕೂರಲು ಬೀಚ್ ಇಲ್ಲ. ಬೋಟ್ ದ್ವೀಪದ ಪಕ್ಕ ನಿಲ್ಲುತ್ತದೆ, ಅಲ್ಲಿಂದ ನೇರವಾಗಿ ಆಳದ ನೀರಿಗೆ ಇಳಿಯಬೇಕು, ಕಾಲಿಗೆ ನೆಲ ಸಿಗುವುದಿಲ್ಲ. ಹವಳ ಇರುವುದು ನೀರೊಳಗಿನ ಬಂಡೆಗಳ ಮೇಲೆ, ಅಲ್ಲಲ್ಲಿ. ಲಕ್ಷದ್ವೀಪದ ಹಾಗೆ ಉದ್ದಕ್ಕೂ ಹಬ್ಬಿದ ಹವಳದ ದಿಬ್ಬ ಅಲ್ಲ. ಆದರೂ ಗಿಳಿಮೀನು, ಚಿಟ್ಟೆಮೀನು, ಬಂಡೆ ಸಂದಿನಿಂದ ಮುಖ ತೋರಿಸುವ ಹಾವಿನಂಥ ಮೊರೆ ಮೀನು, ಅದೃಷ್ಟ ಇದ್ದರೆ ಆಮೆ, ಎಲ್ಲ ಇವೆ. ಮೇಲೆ ತಲೆ ಎತ್ತಿದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಹಿಂದೆ ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ದ್ವೀಪ ಇದು, ಅಷ್ಟೆಲ್ಲ ತಡೆದುಕೊಂಡೂ ಇಷ್ಟು ಜೀವ ಉಳಿದಿದೆ. ನಿಜವೇ ಇಷ್ಟು ಚೆನ್ನಾಗಿರುವಾಗ ಸುಳ್ಳು ಫೋಟೋ ಯಾಕೆ? ಬೀಚ್ ಇಲ್ಲ, ಆಳ ಇದೆ ಅಂತ ಮೊದಲೇ ಹೇಳಿದರೆ ಆಳಕ್ಕೆ ಹೆದರುವವರು ಮನೆಯಲ್ಲೇ ಉಳಿಯುತ್ತಾರೆ. ದುಡ್ಡು ಕಟ್ಟಿಸಿಕೊಂಡು, ನಡುಗಡಲಿಗೆ ಕರೆದುಕೊಂಡು ಹೋಗಿ, "ಇಳಿಯಿರಿ, ಏನಾಗಲ್ಲ" ಅಂತ ಹಿಂದಿನಿಂದ ಒತ್ತಾಯ ಮಾಡುವುದು ಯಾವ ನ್ಯಾಯ?

ಈ ಸಲ ನಾನು ಇಷ್ಟು ಗಟ್ಟಿಯಾಗಿ ಹಿಡಿದು ಕೇಳುತ್ತಿರುವುದು ಅಪ್ಪನಿಗಾಗಿ. ಜೀವನ ಪೂರ್ತಿ ಮಲ್ಪೆ ಬಂದರಿನಲ್ಲಿ ಐಸ್ ಪ್ಲಾಂಟಿನ ಲೆಕ್ಕ ಬರೆದವರು ಅವರು. ಬೋಟಿನಿಂದ ಇಳಿಯುವ ಮೀನನ್ನು ದಿನಾ ನೋಡಿದ್ದಾರೆ, ನೀರಿನಲ್ಲಿ ಈಜುವ ಮೀನನ್ನು ನೋಡಿಲ್ಲ. "ಒಂದು ಸಲ ಅಡಿಯಲ್ಲಿ ಹೇಗಿರುತ್ತದೆ ಅಂತ ನೋಡಬೇಕು ಮಗ" ಅಂದರು. ಅರವತ್ತು ದಾಟಿದೆ, ಬಿಪಿ ಮಾತ್ರೆ ಇದೆ, ಕನ್ನಡಕ ಇದೆ. ಹಾಗಾಗಿ ನನ್ನ ಪ್ರಶ್ನೆಗಳು ಜಾಸ್ತಿ. ಅದಕ್ಕೆ ನನಗೆ ಸಿಕ್ಕ ಉತ್ತರ, "ಮೇಡಂ, ನೀವು ತುಂಬಾ ಕೇಳ್ತೀರಿ, ಬೇರೆಯವರು ಹೀಗೆಲ್ಲ ಕೇಳಲ್ಲ." ಕೇಳುವುದೇ ತಪ್ಪಾ?

ಕನ್ನಡಕದ ವಿಷಯವನ್ನೇ ತೆಗೆದುಕೊಳ್ಳಿ. ಸ್ನಾರ್ಕೆಲಿಂಗ್ ಮಾಸ್ಕ್ ಒಳಗೆ ಕನ್ನಡಕ ಹಾಕಲು ಆಗುವುದಿಲ್ಲ, ಕಡ್ಡಿ ಅಡ್ಡ ಬಂದು ರಬ್ಬರ್ ಮುಖಕ್ಕೆ ಕೂರುವುದಿಲ್ಲ, ನೀರು ಒಳಗೆ ಬರುತ್ತದೆ. ಪವರ್ ಇರುವ ಗಾಜಿನ ಮಾಸ್ಕ್ ಸಿಗುತ್ತದೆ. ಅದು ಇದೆಯಾ ಅಂತ ಕೇಳಿದೆ. "ನೀರೊಳಗೆ ಎಲ್ಲ ದೊಡ್ಡದಾಗಿ ಕಾಣುತ್ತದೆ ಮೇಡಂ, ಕನ್ನಡಕ ಬೇಡ" ಅಂದ ಒಬ್ಬ. ಮಾಸ್ಕ್ ಹಾಕಿಕೊಂಡರೆ ನೀರೊಳಗಿನ ವಸ್ತು ಮೂರನೇ ಒಂದು ಪಾಲಿನಷ್ಟು ದೊಡ್ಡದಾಗಿ ಕಾಣುತ್ತದೆ, ಅದು ಹೌದು. ಆದರೆ ದೂರದ್ದು ಮಬ್ಬು ಕಾಣುವವರಿಗೆ ಆ ಮಬ್ಬೇ ದೊಡ್ಡದಾಗಿ ಕಾಣುತ್ತದೆ ಅಷ್ಟೇ! ಇಲ್ಲ ಅಂತ ಹೇಳಿದ್ದರೆ ನಾನೇ ಒಂದು ಮಾಡಿಸಿ ತರುತ್ತಿದ್ದೆ.

ಮತ್ತೆ ಮಾಸ್ಕ್ ಅಳತೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರು ಒಳಗೆ ಎಳೆದರೆ ಕೈಬಿಟ್ಟರೂ ಅದು ಅಂಟಿಕೊಂಡು ನಿಲ್ಲಬೇಕು. ನಿಂತರೆ ಸರಿಯಾದ ಅಳತೆ, ಬಿದ್ದರೆ ಬೇರೆ ಕೊಡಬೇಕು. ಗಡ್ಡ ಮೀಸೆ ಇದ್ದವರಿಗೆ ಇನ್ನೂ ಕಷ್ಟ. ಇದನ್ನು ದಡದಲ್ಲೇ ಎರಡು ನಿಮಿಷದಲ್ಲಿ ನೋಡಬಹುದು. ಬೋಟಿನಲ್ಲಿ ಒಂದು ಚೀಲದಿಂದ ಕೈಗೆ ಸಿಕ್ಕಿದ್ದನ್ನು ಹಂಚುತ್ತಾರಂತೆ! ಕಳೆದ ವರ್ಷ ಬಾವ ಹೋಗಿದ್ದಾಗ ಹಾಗೇ ಆಗಿ, ಉಪ್ಪುನೀರು ಕುಡಿದು ವಾಂತಿ ಮಾಡಿಕೊಂಡು, ಮೀನಿನ ಒಂದು ಬಾಲ ಕೂಡ ನೋಡದೆ ಬಂದರು. ಅವರ ವಿಡಿಯೋದಲ್ಲಿ ಮಾತ್ರ ಚೆಂದದ ಹವಳ ಇತ್ತು. ಎಲ್ಲರ ವಿಡಿಯೋದಲ್ಲೂ ಅದೇ ಹವಳ, ಅದೇ ಮೀನು. ಮೊದಲೇ ತೆಗೆದಿಟ್ಟದ್ದನ್ನು ನಡುವೆ ಅಂಟಿಸಿ ಕೊಟ್ಟಿದ್ದರು. ಕಾಸು ಕೊಟ್ಟವನ ಕಣ್ಣಿಗೆ ಏನು ಕಂಡಿತು ಅನ್ನುವುದು ಇವರಿಗೆ ಲೆಕ್ಕಕ್ಕೇ ಇಲ್ಲ.

ಇನ್ನೊಂದು ಕಿರಿಕಿರಿ. ಸ್ನಾರ್ಕೆಲಿಂಗ್ ಕೇಳಿದರೆ ಸ್ಕೂಬಾ ತಲೆಗೆ ಕಟ್ಟುತ್ತಾರೆ. "ಸ್ವಿಮ್ಮಿಂಗ್ ಬರದಿದ್ದರೂ ನಡೆಯುತ್ತದೆ, ಸ್ಕೂಬಾ ಮಾಡಿ, ಇಬ್ಬರಿಗೆ ಡಿಸ್ಕೌಂಟ್." ಎರಡೂ ಒಂದೇ ಅಲ್ಲ. ಒಂದರಲ್ಲಿ ಮೇಲೆ ತೇಲುತ್ತಾ ಕೊಳವೆಯಲ್ಲಿ ಉಸಿರಾಡುವುದು, ಇನ್ನೊಂದರಲ್ಲಿ ಸಿಲಿಂಡರ್ ಕಟ್ಟಿ ಕೆಳಗೆ ಹೋಗುವುದು, ಕಿವಿ ಒತ್ತಡ ಬಿಡಿಸಿಕೊಳ್ಳಬೇಕು, ಆಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್ ಆದದ್ದು ಇದ್ದರೆ ಮೊದಲು ಡಾಕ್ಟರನ್ನು ಕೇಳಬೇಕು. ಆರೋಗ್ಯದ ಫಾರ್ಮ್ ಇದೆ, ತುಂಬಿಸಿ ಅನ್ನಬೇಕಾದವರು ಇವರೇ ಅಲ್ವಾ? ಬಿಪಿ ಇದೆ ಅಂತ ನಾನಾಗಿ ಹೇಳಿದೆ. "ಅದು ಬರೆಯಬೇಡಿ ಮೇಡಂ, ನೋ ಅಂತ ಟಿಕ್ ಹಾಕಿ" ಅಂದ. ಆ ಫೋನ್ ಇಟ್ಟ ಮೇಲೆ ನನಗೆ ಕೈ ನಡುಗುತ್ತಿತ್ತು, ಸಿಟ್ಟಿಗೆ.

ಸುಮ್ನೆ ಹೆದರಿಸುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಇದೇ ಮುರುಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಹುಡುಗಿಯರು ಮುಳುಗಿ ಸತ್ತರು. ಆಮೇಲೆ ಬೀಚನ್ನೇ ಪ್ರವಾಸಿಗರಿಗೆ ಬಂದ್ ಮಾಡಿದ್ದರು. ಕಡಲು ಎಂಥದ್ದು ಅಂತ ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾ? ಒಬ್ಬ ಗೈಡ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾನೆ, ಲೈಫ್ ಜಾಕೆಟ್ ಎಲ್ಲರ ಅಳತೆಗೂ ಇದೆಯಾ, ಬೋಟಿನಲ್ಲಿ ಆಕ್ಸಿಜನ್ ಇದೆಯಾ ಅಂತ ಕೇಳಿದರೆ ಮುಖ ಗಂಟು ಹಾಕುವವರ ಕೈಗೆ ಅಪ್ಪನನ್ನು ಹೇಗೆ ಒಪ್ಪಿಸಲಿ?

ದಿನ ಆರಿಸುವುದರಲ್ಲೂ ಮೋಸ. ಮಳೆಗಾಲದಲ್ಲಿ ಹೇಗೂ ಬೋಟ್ ಇಲ್ಲ. ಮಳೆ ನಿಂತ ಕೂಡಲೇ ಸೀಸನ್ ಶುರು ಅಂತ ಕೂಗುತ್ತಾರೆ, ಆದರೆ ಹೊಳೆಗಳೆಲ್ಲ ಕೆಸರು ತಂದು ಸುರಿದಿರುತ್ತವೆ, ಆ ನೀರು ತಿಳಿಯಾಗಲು ಸಮಯ ಬೇಕು. ಡಿಸೆಂಬರ್, ಜನವರಿ ಹೊತ್ತಿಗೆ ಪರವಾಗಿಲ್ಲ. ಅದೂ ಬೆಳಿಗ್ಗೆ ಬೇಗ, ಯಾಕೆಂದರೆ ಮಧ್ಯಾಹ್ನ ಆಗುತ್ತಿದ್ದಂತೆ ಕಡಲ ಗಾಳಿ ಎದ್ದು ನೀರು ಕುಲುಕುತ್ತದೆ. ಇದು ಮೀನುಗಾರರ ಮನೆಯ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಹನ್ನೊಂದು ಗಂಟೆಯ ಬ್ಯಾಚ್, ಹನ್ನೆರಡರ ಬ್ಯಾಚ್ ಅಂತ ಮಾರುತ್ತಾರೆ. ಹಿಂದಿನ ದಿನ ನೀರು ಎಷ್ಟು ತಿಳಿಯಾಗಿತ್ತು, ಎಷ್ಟು ಅಡಿವರೆಗೆ ಕಾಣುತ್ತಿತ್ತು ಅಂತ ಕೇಳಿ ನೋಡಿ. "ಸೂಪರ್ ಉಂಟು." ವರ್ಷ ಪೂರ್ತಿ ಸೂಪರ್. ಕಡಲು ಕೆಟ್ಟು ಬೋಟ್ ಹೋಗದಿದ್ದರೆ ದುಡ್ಡು ವಾಪಸ್ ಇಲ್ಲ, ಬೇರೆ ದಿನ ಬನ್ನಿ ಅಂತಾರೆ. ಬೇರೆ ದಿನ ಅಂದರೆ ಮತ್ತೆ ರಜೆ, ಮತ್ತೆ ಕಾರು, ಮತ್ತೆ ನಾಲ್ಕು ಗಂಟೆಗೆ ಏಳುವುದು. ಹವಾಮಾನ ಯಾರ ಕೈಲೂ ಇಲ್ಲ, ಒಪ್ಪುತ್ತೇನೆ. ಹಿಂದಿನ ಸಂಜೆ ಒಂದು ಫೋನ್ ಮಾಡುವುದು ಅವರ ಕೈಲಿದೆಯಲ್ಲ?

ದರದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಅನುಭವ ಇರಬಹುದು. ಪೋಸ್ಟರಿನಲ್ಲಿ ಒಂದು ರೇಟು, ಫೋನಿನಲ್ಲಿ ಒಂದು, ಅಲ್ಲಿ ಹೋದ ಮೇಲೆ ಬೋಟಿಗೆ ಬೇರೆ, ಮಾಸ್ಕಿಗೆ ಬೇರೆ, ಬೋಟಲ್ಲೇ ಕೂತು ನೀರಿಗೆ ಇಳಿಯದವರಿಗೂ ಪೂರ್ತಿ ಚಾರ್ಜು.

ಇಷ್ಟೆಲ್ಲ ನಮ್ಮ ಕಷ್ಟ. ಹವಳದ ಕಷ್ಟ ಕೇಳುವವರು ಯಾರು? ಹವಳ ಕಲ್ಲಲ್ಲ, ಪ್ರಾಣಿ. ಸಣ್ಣ ಸಣ್ಣ ಜೀವಗಳು ಸೇರಿ ಕಟ್ಟಿಕೊಂಡ ಮನೆ ಅದು. ಉಂಡೆಯಂಥ ಗಟ್ಟಿ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ದೊಡ್ಡದು. ಅದರ ಮೇಲೆ ಲಂಗರು ಬಿಟ್ಟರೆ ನಮ್ಮ ಅಜ್ಜನ ಕಾಲದಿಂದ ಬೆಳೆದದ್ದು ಒಂದೇ ಏಟಿಗೆ ಹೋಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆ ಹವಳವೂ ಇದೆ. ಅಂಥದ್ದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಲಂಗರು ಎಲ್ಲಿ ಹಾಕುತ್ತೀರಿ, ಲಂಗರಿನ ಬದಲು ಬೋಟ್ ಕಟ್ಟಲು ನೀರಲ್ಲಿ ತೇಲುವ ಬೋಯೆ ಇದೆಯಾ ಅಂತ ಕೇಳಿದ್ದಕ್ಕೆ ಒಬ್ಬ, "ನೀವು ಫಾರೆಸ್ಟ್ ಡಿಪಾರ್ಟ್‌ಮೆಂಟಿನವರಾ?" ಅಂತ ಫೋನ್ ಕಟ್ ಮಾಡಿದ. ಇನ್ನೊಬ್ಬನ ಸ್ಟೇಟಸ್ಸಿನಲ್ಲಿ ಮೀನಿಗೆ ಬ್ರೆಡ್ ಹಾಕುವ ವಿಡಿಯೋ, 'ಫಿಶ್ ಫೀಡಿಂಗ್ ಫ್ರೀ' ಅಂತ. ಹವಳದ ಮೇಲಿನ ಪಾಚಿ ತಿಂದು ಅದನ್ನು ಉಳಿಸುವ ಮೀನುಗಳಿಗೆ ಬ್ರೆಡ್ ಹಾಕಿ ರೂಢಿ ಮಾಡಿಸಿದರೆ ಆ ಪಾಚಿ ತಿನ್ನುವವರು ಯಾರು?

ಬಿಸಿನೀರಿನಿಂದ ಆಗಲೇ ಹವಳಗಳು ಸಾಯುತ್ತಿವೆ. ಕಡಲು ಬಿಸಿಯಾದರೆ ಹವಳ ತನ್ನೊಳಗೇ ಇದ್ದು ತನಗೆ ಊಟ ಕೊಡುವ ಸಣ್ಣ ಪಾಚಿಯನ್ನು (ಮೇಲೆ ಬೆಳೆಯುವ ಪಾಚಿ ಬೇರೆ) ಹೊರಹಾಕುತ್ತದೆ, ಬಣ್ಣ ಹೋಗಿ ಬೆಳ್ಳಗಾಗುತ್ತದೆ, ತುಂಬಾ ದಿನ ಹಾಗೇ ಇದ್ದರೆ ಹಸಿದು ಸಾಯುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಡೀ ಜಗತ್ತಿನಲ್ಲಿ ನಾಲ್ಕನೇ ಸಲ ಹೀಗೆ ಹವಳ ಬೆಳ್ಳಗಾಗುತ್ತಿದೆ ಅಂತ ಘೋಷಿಸಿದರು. ಅದೇ ಬೇಸಿಗೆಯಲ್ಲಿ ಲಕ್ಷದ್ವೀಪದ ಹವಳವೂ ಬೆಳ್ಳಗಾಯಿತು. ಹೀಗಿರುವಾಗ ನಮ್ಮ ಹತ್ತಿರ ಉಳಿದಿರುವ ಇಷ್ಟು ಚೂರನ್ನು ಜೋಪಾನ ಮಾಡಬೇಕಾದವರು ಯಾರು? ಅದರಿಂದಲೇ ಅನ್ನ ತಿನ್ನುವವರು ತಾನೇ?

ಹಾಗಾದರೆ ಲಕ್ಷದ್ವೀಪಕ್ಕೇ ಹೋಗಿ ಅನ್ನುವವರು ಬೇರೆ. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಸ್ನಾರ್ಕೆಲಿಂಗ್ ಮಾಡಿದ ಫೋಟೋ ಬಂದ ಮೇಲೆ ಎಲ್ಲರ ಬಾಯಲ್ಲೂ ಅದೇ. ಮಂಗಳೂರು ಹಳೆ ಧಕ್ಕೆಯಿಂದ ಲಕ್ಷದ್ವೀಪಕ್ಕೆ ಮಂಜಿ ಅನ್ನುವ ಸರಕು ದೋಣಿಗಳಲ್ಲಿ ಅಕ್ಕಿ, ಸಿಮೆಂಟ್, ತರಕಾರಿ ಹೋಗುತ್ತದೆ, ನಿಜ. ನಾವು ಹೋಗಬೇಕಾದರೆ ಪರ್ಮಿಟ್ ಬೇಕು, ವಿಮಾನಕ್ಕೆ ಬೇರೆ ಊರಿಗೆ ಹೋಗಿ ಅಲ್ಲಿಯ ಅಗತ್ತಿ ದ್ವೀಪದಲ್ಲಿ ಇಳಿಯಬೇಕು. ಅದು ಒಂದು ದಿನದಲ್ಲಿ ಆಗುವ ಮಾತಾ? ಎಲ್ಲರ ಹತ್ತಿರ ಅಷ್ಟು ದುಡ್ಡು, ಅಷ್ಟು ರಜೆ ಇರುತ್ತದಾ?

ಎಲ್ಲ ಬೋಟಿನವರೂ ಹೀಗೇ ಅಂತ ನಾನು ಹೇಳುವುದಿಲ್ಲ. ಹವಳವನ್ನು ಮುಟ್ಟಬೇಡಿ ಅಂತ ಗದರಿಸಿ, ಒಬ್ಬೊಬ್ಬರ ಪಕ್ಕ ನಿಂತು ಉಸಿರಾಡಲು ಕಲಿಸುವ ಒಳ್ಳೆ ಗೈಡುಗಳು ಇದ್ದಾರೆ ಅಂತ ಹೋಗಿ ಬಂದವರು ಹೇಳುತ್ತಾರೆ. ಆದರೆ ಅವರನ್ನು ಹುಡುಕುವುದು ಹೇಗೆ? ಎಲ್ಲರದ್ದೂ ಅದೇ ಪೋಸ್ಟರ್, ಅದೇ ಫೋಟೋ, ಎಲ್ಲರೂ ನಂಬರ್ ಒನ್. ಫೋನ್ ಎತ್ತುವವನು ಏಜೆಂಟ್, ಅವನು ಇನ್ನೊಬ್ಬನಿಗೆ ಮಾರುತ್ತಾನೆ, ಆ ಇನ್ನೊಬ್ಬ ಮತ್ತೊಬ್ಬನ ಬೋಟಿಗೆ ಹತ್ತಿಸುತ್ತಾನೆ. ನಮ್ಮನ್ನು ಕೊನೆಗೆ ನೀರಿಗೆ ಇಳಿಸುವವನ ಹೆಸರು ಬೋಟ್ ಹತ್ತುವ ತನಕ ಗೊತ್ತಾಗುವುದಿಲ್ಲ. ಬೋಟಿನ ಸೀಟು ಎಷ್ಟು, ಗೈಡ್ ಎಷ್ಟು, ನೀರಲ್ಲಿ ಎಷ್ಟು ನಿಮಿಷ, ಇದನ್ನು ಟಿಕೆಟಿನ ಮೇಲೆ ಅಚ್ಚು ಹಾಕಿಸಿ ಅಂತ ಇಲಾಖೆಯವರು ಒಂದು ಆದೇಶ ಮಾಡಿದರೆ ಮುಗಿಯಿತು. ಬಸ್ಸಿನಲ್ಲಿ ಸೀಟು ಎಷ್ಟು ಅಂತ ಬರೆದಿರುವುದಿಲ್ಲವಾ?

ಅಪ್ಪನಿಗೆ ಪವರ್ ಮಾಸ್ಕ್ ನಾನೇ ಮಾಡಿಸುತ್ತಿದ್ದೇನೆ. ಡಾಕ್ಟರ್ ಹತ್ತಿರವೂ ಕೇಳಿ ಆಯಿತು, ಲೈಫ್ ಜಾಕೆಟ್ ಹಾಕಿ, ಪಕ್ಕದಲ್ಲಿ ಒಬ್ಬ ಗೈಡ್ ಇದ್ದರೆ ಸ್ನಾರ್ಕೆಲಿಂಗ್ ಮಾಡಬಹುದು, ಸ್ಕೂಬಾ ಬೇಡ ಅಂದಿದ್ದಾರೆ. ಜನವರಿಯಲ್ಲಿ ಒಂದು ವಾರದ ದಿನ, ಬೆಳಗಿನ ಮೊದಲ ಬೋಟ್, ನೀರಲ್ಲಿ ಕಡಿಮೆ ಅಂದರೂ ಮುಕ್ಕಾಲು ಗಂಟೆ. ವಿಡಿಯೋ ಬೇಡ, ಬ್ರೆಡ್ ಬೇಡ. ದುಡ್ಡು ಜಾಸ್ತಿ ಆದರೂ ಕೊಡುತ್ತೇನೆ. ಹೀಗೆ ನೇರವಾಗಿ ಮಾತಾಡುವ ಬೋಟಿನವರು ನಿಮಗೆ ಗೊತ್ತಿದ್ದರೆ, ನೀವೇ ಅವರ ಜೊತೆ ಹೋಗಿ ಬಂದಿದ್ದರೆ ಮಾತ್ರ, ದಯವಿಟ್ಟು ಹೇಳಿ. ಏಜೆಂಟರು ಮೆಸೇಜ್ ಮಾಡಬೇಡಿ.